ಮೀನಿನ ಟ್ಯಾಂಕಿಗೆ ಹವಳ ಬರಬೇಕೆ? ಅಂಗಡಿಗೆ ಕೊನೆಗೆ ಹೋಗಿ

ಉಪ್ಪುನೀರಿನ ಟ್ಯಾಂಕಿನಲ್ಲಿ ಒಂದೆರಡು ವರ್ಷ ಮೀನು ಸಾಕಿದ ಮೇಲೆ ಹವಳದ ಆಸೆ ಶುರುವಾಗುತ್ತದೆ. ತಪ್ಪೇನಿಲ್ಲ. ಆದರೆ ಜಾಸ್ತಿ ಜನ ಮೊದಲು ಹವಳ ತಂದು ಆಮೇಲೆ ಟ್ಯಾಂಕ್ ಸರಿಮಾಡಲು ಕೂರುತ್ತಾರೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನೇ.

ಅದಕ್ಕೂ ಮುಂಚೆ ಕಾನೂನು. ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆ ಇದೆ. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಮುರಿದು ತರುವ ಯೋಚನೆ ಬೇಡವೇ ಬೇಡ. ಅಂಗಡಿಯವರು ಹೊರದೇಶದ್ದು ಅಂದರೆ ಆಮದಿನ ಕಾಗದ ಕೇಳಿ, ಇಲ್ಲ ಅಂದರೆ ಎದ್ದು ಬನ್ನಿ.

ಈಗ ಟ್ಯಾಂಕ್. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಅದೇ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದ್ದಿರಾ? ನೆನಪು ಮಾಡಿಕೊಳ್ಳಿ. ಮೀನು ತಡೆದುಕೊಳ್ಳುವಷ್ಟು ತಾಮ್ರ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಿರುತ್ತವೆ. ಹಾಕಿದ್ದರೆ ಕಲ್ಲು, ಮರಳು ಎರಡನ್ನೂ ಬದಲಿಸಿ, ತಾಮ್ರದ ಟೆಸ್ಟ್ ಕಿಟ್‌ನಲ್ಲಿ ನೀರು ನೋಡಿ.

ಆಮೇಲೆ ಮೀನುಗಳ ಲೆಕ್ಕ. ಕ್ಲೌನ್, ಡ್ಯಾಮ್ಸೆಲ್, ಟ್ಯಾಂಗ್ ಇರಲಿ. ಟ್ರಿಗರ್, ಪಫರ್ ಮತ್ತು ಬಹುಪಾಲು ಬಟರ್‌ಫ್ಲೈ ಮೀನುಗಳಿಗೆ ಹವಳ ಅಂದರೆ ಊಟ, ಸಿಗಡಿಯೂ ಅಷ್ಟೇ. ಎಷ್ಟೇ ಮುದ್ದಾಗಿದ್ದರೂ ಬೇರೆ ಮನೆ ಹುಡುಕಿ.

ನಿಜವಾದ ಕೆಲಸ ನೀರಿನದು. ಅಡುಗೆಮನೆಯ ಆರ್‌ಒ ಸಾಕಲ್ವಾ ಅನ್ನುತ್ತಾರೆ. ಸಾಲದು, ಏಕೆಂದರೆ ರುಚಿಗೆ ಅಂತ ಎಷ್ಟೋ ಯಂತ್ರಗಳು ಶುದ್ಧ ಮಾಡದ ನೀರನ್ನೇ ಸ್ವಲ್ಪ ಮತ್ತೆ ಬೆರೆಸುತ್ತವೆ, ಅದೂ ಬೋರ್‌ವೆಲ್ ನೀರಾದರೆ ಕೇಳುವುದೇ ಬೇಡ. ಆರ್‌ಒ ಆದ ಮೇಲೆ ಉಳಿದ ಲವಣಗಳನ್ನೂ ತೆಗೆಯುವ ಡಿಐ ಫಿಲ್ಟರ್ ಹಾಕಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು, ಅಡುಗೆ ಉಪ್ಪಲ್ಲ. ನೀರಿನ ಉಪ್ಪಿನಂಶವನ್ನು ಸಾಪೇಕ್ಷ ಸಾಂದ್ರತೆಯಲ್ಲಿ (ಸ್ಪೆಸಿಫಿಕ್ ಗ್ರಾವಿಟಿ) ಅಳೆಯುತ್ತಾರೆ. ಮೀನಿನ ಟ್ಯಾಂಕನ್ನು ಅನೇಕರು 1.020ರಲ್ಲಿ ಇಡುತ್ತಾರೆ, ಹವಳಕ್ಕೆ 1.025 ಬೇಕು. ದಿನಕ್ಕೆ 0.001ಕ್ಕಿಂತ ಜಾಸ್ತಿ ಏರಿಸಬೇಡಿ. ಆವಿಯಾದಷ್ಟು ನೀರಿಗೆ ಉಪ್ಪುನೀರನ್ನೇ ತುಂಬಿಸಿದರೆ ತಾನಾಗಿಯೇ ಏರುತ್ತದೆ. 1.025 ಮುಟ್ಟಿದ ಮೇಲೆ ಉಪ್ಪು ಹಾಕದ ಆರ್‌ಒ-ಡಿಐ ನೀರನ್ನಷ್ಟೇ ತುಂಬಿಸಿ.

ಮೀನಿನ ಟ್ಯಾಂಕಿನಲ್ಲಿ ಮೀನಿನ ಕಸದಿಂದ ಸೇರುವ ನೈಟ್ರೇಟ್ 50 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಿರುವುದು ಮಾಮೂಲು. ಮೀನಿಗೆ ತಿನಿಸು ಕಡಿಮೆ ಮಾಡಿ, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಓಡಿಸಿ, ವಾರಕ್ಕೆ ಶೇ 10–15 ನೀರು ಬದಲಿಸುತ್ತಾ 5–10ಕ್ಕೆ ತನ್ನಿ. ಸೊನ್ನೆ ಮಾಡಲು ಹೋಗಬೇಡಿ, ಹವಳಕ್ಕೂ ಸ್ವಲ್ಪ ಬೇಕು. ಆಲ್ಕಲಿನಿಟಿ (ಕ್ಷಾರೀಯತೆ) 8–9 ಡಿಕೆಎಚ್, ಕ್ಯಾಲ್ಸಿಯಂ 400–450 ಪಿಪಿಎಂ ಇರಲಿ. ಅಂಕಿ ಒಂಚೂರು ಆಚೀಚೆ ಇದ್ದರೂ ನಡೆಯುತ್ತದೆ, ಆದರೆ ದಿನಾ ಏರಿಳಿದರೆ ಹವಳ ತಡೆಯುವುದಿಲ್ಲ. ಇದಕ್ಕೆಲ್ಲ ಎರಡು ಮೂರು ತಿಂಗಳು ಹಿಡಿಯುತ್ತದೆ.

ನೀರು 24–26 ಡಿಗ್ರಿ ಇರಲಿ. ಬೆಂಗಳೂರಿನ ಬೇಸಿಗೆಯನ್ನು ಫ್ಯಾನಿನಲ್ಲಿ ಹೇಗೋ ಕಳೆಯಬಹುದು, ಮಂಗಳೂರಿನ ಸೆಕೆಗೆ ನೀರು ತಣಿಸುವ ಚಿಲ್ಲರ್ ಇಲ್ಲದೆ ಆಗದು. ನೀರು ಕಲಕುವ ವೇವ್‌ಮೇಕರ್ ಅನ್ನು ಇನ್ವರ್ಟರಿಗೆ ಹಾಕಿ. ಕರೆಂಟ್ ಹೋದರೆ ದೀಪ ಆರಿದ್ದು ದೊಡ್ಡದಲ್ಲ, ನೀರು ನಿಂತರೆ ಉಸಿರು ಕಟ್ಟುತ್ತದೆ.

ಹವಳದ ಒಳಗಿರುವ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಹಾಗಾಗಿ ನೀಲಿ ಜಾಸ್ತಿ ಇರುವ ರೀಫ್ ಎಲ್ಇಡಿ ಬೇಕು. ಮೊದಲ ವಾರ ಶೇ 30ರಷ್ಟು ಸಾಕು, ಮೂರು ನಾಲ್ಕು ವಾರದಲ್ಲಿ ಏರಿಸಿ.

ಈಗ ಅಂಗಡಿಗೆ ಹೋಗಿ. ಮಶ್ರೂಮ್, ಲೆದರ್, ಜೋಅಂತಿಡ್‌ನಂಥ ಮೆತ್ತನೆಯವನ್ನೇ ತನ್ನಿ. ಹುಳ ಇರಬಹುದು, ಡಿಪ್ ದ್ರಾವಣದಲ್ಲಿ ಅದ್ದಿ ಟ್ಯಾಂಕಿನ ತಳದಲ್ಲಿಡಿ. ವಾರವೆಲ್ಲ ಮುದುಡಿಕೊಂಡಿದ್ದರೂ ದಿನಾ ಜಾಗ ಬದಲಿಸಬೇಡಿ. ಜೋಅಂತಿಡ್ ಮುಟ್ಟುವಾಗ ಗ್ಲೌಸ್, ಕನ್ನಡಕ ಇರಲಿ. ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಾರೀ ವಿಷವಿದೆ, ಜೋಅಂತಿಡ್ ಅಂಟಿದ ಕಲ್ಲನ್ನು ಕುದಿಸಿದರೆ ಆ ಹಬೆಯೇ ಆಸ್ಪತ್ರೆಗೆ ಸೇರಿಸುತ್ತದೆ.