ಬ್ಯಾಸ್ಕೆಟ್‌ಬಾಲ್: ‘ಔಟ್’ ಕೊಡುವ ಮುನ್ನ ಕಾಲು ನೋಡಿ

ಹೊಸದಾಗಿ ರೆಫರಿ ಆಗುವವರಿಗೆ ಫೌಲ್ ಅಂದರೆ ಭಯ. ಔಟ್ ಬಗ್ಗೆ ಯಾರಿಗೂ ಭಯವಿಲ್ಲ. ‘ಗೆರೆ ದಾಟಿದ್ರೆ ಔಟ್, ಅದ್ರಲ್ಲೇನಿದೆ?’ ಅನ್ನುತ್ತಾರೆ. ಮೊದಲ ಪಂದ್ಯದ ಹತ್ತನೇ ನಿಮಿಷಕ್ಕೆ ಎರಡೂ ತಂಡದವರು ಅವರನ್ನು ಸುತ್ತುವರಿದು ನಿಂತಿರುತ್ತಾರೆ. ಕಾರಣ ಬಹುತೇಕ ಒಂದೇ: ಕಣ್ಣು ಚೆಂಡಿನ ಹಿಂದೆ ಹೋಗಿರುತ್ತದೆ, ಕಾಲು ಎಲ್ಲಿತ್ತು ಅಂತ ನೋಡಿಯೇ ಇರುವುದಿಲ್ಲ.

ಮೊದಲು ಗೆರೆಯ ಪರಿಚಯ ಮಾಡಿಕೊಳ್ಳಿ. ಪಂದ್ಯಕ್ಕೆ ಮುಂಚೆ ಅಂಕಣದ ಸುತ್ತ ಒಂದು ಸುತ್ತು ನಡೆಯಿರಿ. ಒಂದೇ ನೆಲದ ಮೇಲೆ ವಾಲಿಬಾಲ್, ಬ್ಯಾಡ್ಮಿಂಟನ್ ಗೆರೆಗಳೂ ಇರುವ ಹಾಲ್‌ಗಳಲ್ಲಿ ನಮ್ಮ ಬಣ್ಣ ಯಾವುದು ಅಂತ ಕೇಳಿಕೊಳ್ಳದೆ ಸೀಟಿ ಊದಿದವರನ್ನು ನೋಡಿದ್ದೇನೆ. ಅಗ್ಗದ ಟೇಪ್ ಅಂಟಿಸಿ ಮಾಡಿದ ಗೆರೆಯನ್ನು ನಾನಂತೂ ನಂಬುವುದಿಲ್ಲ. ಅರ್ಧ ಆಟ ಮುಗಿಯುವಷ್ಟರಲ್ಲಿ ಅದು ಯಾರದೋ ಶೂಗೆ ಅಂಟಿಕೊಂಡು ಹೊರಟಿರುತ್ತದೆ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಈ ಅಳತೆ ಗೆರೆಯ ಒಳ ಅಂಚಿನವರೆಗೆ ಮಾತ್ರ. ಹಾಗಾಗಿ 5 ಸೆಂ.ಮೀ. ಅಗಲದ ಗೆರೆ ಪೂರ್ತಿ ಹೊರಗಿನದು. ವಾಲಿಬಾಲ್, ಟೆನಿಸ್ ಆಡಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಗೆರೆ ಮೇಲೆ ಬಿದ್ದ ಚೆಂಡು ಒಳಗೆ. ಇಲ್ಲಿ ಶೂ ತುದಿ ಗೆರೆಗೆ ತಾಗಿದರೂ ಆಟಗಾರ ಹೊರಗೆ.

ಆಮೇಲೆ ನಿಲ್ಲುವ ಜಾಗ. ಇಬ್ಬರು ರೆಫರಿಗಳಿದ್ದರೆ ಲೀಡ್, ಅಂದರೆ ಆಟದ ಮುಂದೆ ಬುಟ್ಟಿಯ ಬಳಿ ನಿಲ್ಲುವವನು, ಬೇಸ್‌ಲೈನನ್ನೂ (ಬುಟ್ಟಿಯ ಹಿಂದಿನ ಗೆರೆ) ತನ್ನ ಎಡಗಡೆಯ ಸೈಡ್‌ಲೈನನ್ನೂ (ಉದ್ದದ ಗೆರೆ) ನೋಡಿಕೊಳ್ಳುತ್ತಾನೆ. ಆಟದ ಹಿಂದೆ ನಿಲ್ಲುವ ಟ್ರೇಲ್ ಪಾಲಿಗೆ ಅವನ ಎಡಗಡೆಯ ಸೈಡ್‌ಲೈನ್ ಮತ್ತು ಮಧ್ಯದ ಗೆರೆ. ಗೆರೆಯ ನೇರಕ್ಕೆ ಕಣ್ಣು ಹಾಯುವಂತೆ ನಿಂತರೆ ಶೂಗೂ ಗೆರೆಗೂ ನಡುವಿನ ಸಂದು ಕಾಣುತ್ತದೆ. ಅಡ್ಡದಿಂದ ನೋಡಿದರೆ ಎಲ್ಲರೂ ಗೆರೆ ತುಳಿದಂತೆಯೇ ಕಾಣುತ್ತಾರೆ.

ಈಗ ಕಷ್ಟದ ಭಾಗ: ಆಟಗಾರ ಒಳಗೋ, ಹೊರಗೋ?

ಅವನ ಮೈಯ ಯಾವ ಭಾಗ ಎಲ್ಲಿ ತಾಗುತ್ತಿದೆ ಅನ್ನುವುದಷ್ಟೇ ಲೆಕ್ಕ. ಗೆರೆಯ ಆಚೆ ತಲೆ, ಭುಜ, ಚೆಂಡು ಹಿಡಿದ ಕೈ ಎಲ್ಲ ಚಾಚಿದ್ದರೂ, ಕಾಲು ಒಳಗಿದ್ದರೆ ಅವನು ಒಳಗೇ. ಗಾಳಿಯಲ್ಲಿ ಗೆರೆ ದಾಟಿದ ಚೆಂಡೂ ಔಟ್ ಅಲ್ಲ. ಅದು ಹೊರಗಿನ ನೆಲಕ್ಕೋ ವಸ್ತುವಿಗೋ ಹೊರಗಿರುವ ಯಾರಿಗಾದರೋ ತಾಗಬೇಕು. ಬುಟ್ಟಿ ಕಟ್ಟಿದ ಹಲಗೆಯ ಅಂಚಿಗೆ ಬಡಿದರೆ ಆಟ ನಡೆಯಲಿ, ಹಿಂಬದಿಗೋ ಕಂಬಕ್ಕೋ ಬಡಿದರೆ ಔಟ್.

ಜಿಗಿದವನ ವಿಷಯಕ್ಕೆ ಬರೋಣ. ಗಾಳಿಯಲ್ಲಿರುವವನು ಕೊನೆಗೆ ಎಲ್ಲಿ ನೆಲ ಮುಟ್ಟಿದ್ದನೋ ಅಲ್ಲೇ ಇದ್ದಾನೆ ಅಂತ ಅರ್ಥ. ಒಳಗಿನಿಂದ ಹಾರಿ, ಗೆರೆಯಾಚೆ ಚೆಂಡು ಹಿಡಿದು, ಹೊರಗೆ ಬೀಳುವ ಮೊದಲೇ ಒಳಗೆಸೆದರೆ ತಪ್ಪಿಲ್ಲ. ಅದೇ ಹೊರಗೆ ನಿಂತವನು ಒಳಕ್ಕೆ ಜಿಗಿದು, ನೆಲ ಮುಟ್ಟುವ ಮೊದಲು ಚೆಂಡು ಮುಟ್ಟಿದರೆ ಔಟ್. ಚೆಂಡು ಅಂಕಣದ ಮಧ್ಯದ ಕಡೆ ಇದ್ದರೂ ಔಟ್. ನೋಡುವ ಕ್ರಮ ಹೀಗಿರಲಿ: ಜಿಗಿಯುವ ಕಾಲು, ಚೆಂಡು ಬಿಡುವ ಕೈ, ಇಳಿಯುವ ಕಾಲು. ಮೂರೂ ಮುಗಿಯುವವರೆಗೆ ಸೀಟಿ ಊದಬೇಡಿ. ಅರ್ಧ ಸೆಕೆಂಡ್ ತಡವಾದರೆ ಏನೂ ಮುಳುಗಿಹೋಗಲ್ಲ.

ಓಡುವ ರಭಸಕ್ಕೆ ಹೊರಗೆ ಹೋದವನು ವಾಪಸ್ ಬಂದು ಚೆಂಡನ್ನು ಮೊದಲು ಮುಟ್ಟುವ ಹಾಗಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಸುಮ್ನೆ ಹುಟ್ಟಿದ ಮಾತು. ಅವನು ಒಳಗಿನ ನೆಲ ಮುಟ್ಟಿ, ಹೊರಗೆ ಎಲ್ಲೂ ತಾಗದೆ ಇದ್ದರೆ ಸಾಕು. ಎರಡೂ ಕಾಲು ಒಳಗೆ ಊರಬೇಕೆಂದೂ ಇಲ್ಲ.

ಇನ್ನೊಂದು ಗೊಂದಲ: ಹೊರಗೆ ನಿಂತ ಇನ್ನೊಬ್ಬ ಆಟಗಾರನಿಗೆ ಮೈ ತಾಗಿದ ಮಾತ್ರಕ್ಕೆ ಒಳಗಿದ್ದವನು ಔಟ್ ಆಗುವುದಿಲ್ಲ. ಹೊರಗಿನ ಕುರ್ಚಿಗೆ ಕೈ ಊರಿದರೆ ಆಗುತ್ತಾನೆ.

ಔಟ್ ಅಂತ ತೀರ್ಮಾನವಾಯಿತು, ಚೆಂಡು ಯಾರಿಗೆ? ಹೊರಹೋಗುವ ಮುನ್ನ ಕೊನೆಗೆ ಯಾರಿಗೆ ತಾಗಿತೋ ಅವರ ಎದುರಾಳಿಗೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನೀಲಿ ತಂಡದವನು ಪಾಸ್ ಕೊಟ್ಟ, ಅದು ಗೆರೆ ತುಳಿದುಕೊಂಡು ನಿಂತ ಕೆಂಪು ತಂಡದವನ ಮೊಣಕಾಲಿಗೆ ಬಡಿಯಿತು ಅನ್ನಿ. ಹೊಸಬರು ‘ಎಸೆದವನು ನೀಲಿಯವನಲ್ವಾ’ ಅಂತ ಕೆಂಪಿಗೆ ಕೊಡುತ್ತಾರೆ. ತಪ್ಪು. ಹೊರಗಿರುವವನಿಗೆ ಚೆಂಡು ತಾಗಿದರೆ ಔಟ್ ಮಾಡಿದವನು ಅವನೇ, ಚೆಂಡು ನೀಲಿಗೇ. ಇಲ್ಲೂ ಉತ್ತರ ಇರುವುದು ಕಾಲಿನಲ್ಲಿ.

ಇಬ್ಬರ ಕೈಗಳ ನಡುವಿನಿಂದ ಚಿಮ್ಮಿದ ಚೆಂಡು ಇನ್ನೊಂದು ತಲೆನೋವು. ಬೆರಳಿಗೆ ಸವರಿದ್ದು ಕಂಡರೆ ಹೇಳಿ, ಕಾಣದಿದ್ದರೆ ಊಹಿಸಬೇಡಿ. ಆಟಗಾರರ ಮುಖ ನೋಡಿ ತೀರ್ಪು ಕೊಡುವ ಅಡ್ಡದಾರಿಯನ್ನು ನಾನೂ ಒಂದು ಕಾಲಕ್ಕೆ ಹಿಡಿದಿದ್ದೆ. ಎಲ್ಲರೂ ಒಳ್ಳೆಯ ನಟರು ಅಂತ ಗೊತ್ತಾದ ಮೇಲೆ ಬಿಟ್ಟೆ. ಜೊತೆಗಾರನನ್ನು ಕೇಳಿ. ಅವನಿಗೂ ಖಾತ್ರಿ ಇಲ್ಲದಿದ್ದರೆ, ಅಥವಾ ಇಬ್ಬರ ಅಭಿಪ್ರಾಯ ಬೇರೆಯಾದರೆ, ಅದು ಜಂಪ್ ಬಾಲ್ ಸನ್ನಿವೇಶ, ಅಂದರೆ ಚೆಂಡು ಯಾರದು ಅಂತ ಹೇಳಲಾಗದ ಸ್ಥಿತಿ. ಎರಡೂ ಹೆಬ್ಬೆರಳು ಮೇಲೆತ್ತಿ ತೋರಿಸಿ. ಸ್ಕೋರರ್ ಮೇಜಿನ ಮೇಲಿನ, ಸರದಿ ತೋರಿಸುವ ಬಾಣ ಯಾರ ಕಡೆಗಿದೆಯೋ ಅವರಿಗೆ ಚೆಂಡು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ವಿಡಿಯೊ ವ್ಯವಸ್ಥೆ ಇರುವ ಪಂದ್ಯಗಳಲ್ಲಿ ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷ ಮತ್ತು ಓವರ್‌ಟೈಮ್‌ನ ಕೊನೆಯ 2 ನಿಮಿಷ, ಚೆಂಡನ್ನು ಹೊರಹಾಕಿದವರು ಯಾರು ಅಂತ ರಿಪ್ಲೇ ನೋಡಲೂಬಹುದು.

ಸಂಜ್ಞೆ ಸುಲಭ: ಸೀಟಿ, ಬಿಚ್ಚಿದ ಅಂಗೈ ಮೇಲಕ್ಕೆ, ಆಮೇಲೆ ಚೆಂಡು ಸಿಗುವ ತಂಡ ಆಡುವ ದಿಕ್ಕಿಗೆ ಬೆರಳು. ಒಳಗೆ ಗುಂಡು ಇರುವ ಸೀಟಿ ಮಾತ್ರ ಕೊಳ್ಳಬೇಡಿ. ಜೋರಾಗಿ ಊದಿದಾಗಲೇ ಗುಂಡು ಸಿಕ್ಕಿಕೊಂಡು ಉಸಿರಷ್ಟೇ ಹೊರಬರುತ್ತದೆ.

ಚೆಂಡು ಹೊರಹೋದ ಜಾಗಕ್ಕೆ ಹತ್ತಿರದಿಂದ, ಹಲಗೆಯ ನೇರ ಹಿಂಭಾಗ ಬಿಟ್ಟು, ಥ್ರೋ-ಇನ್ (ಹೊರಗಿನಿಂದ ಚೆಂಡು ಒಳಗೆಸೆಯುವುದು) ಮಾಡಿಸಿ. ಚೆಂಡು ಎಸೆಯುವವನಿಗೆ 5 ಸೆಕೆಂಡ್. 1891ರಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲೂ ಇಷ್ಟೇ ಹೊತ್ತು ಇತ್ತು. ಆಗ ಹೊರಗೆ ಹೋದ ಚೆಂಡನ್ನು ಮೊದಲು ಮುಟ್ಟಿದವನೇ ಒಳಗೆಸೆಯಬೇಕಿತ್ತು, ತಕರಾರು ಬಂದರೆ ಅಂಪೈರ್ ಎಸೆಯುತ್ತಿದ್ದ. ಈಗ ಚೆಂಡನ್ನು ನೀವೇ ಆಟಗಾರನ ಕೈಗೆ ಕೊಡಿ, ಕೊಟ್ಟ ಕೂಡಲೇ ಎಣಿಸಲು ಶುರುಮಾಡಿ.