ಬಾಯಿ ಮರೆತ ‘ಋ’, ಬೆರಳು ಮರೆಯದ ‘ಋ’

ಮೂರೂವರೆಯಿಂದ ಐದು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುವುದು ನನ್ನ ಕೆಲಸ. ಮೊದಲ ವರ್ಷ ಗೋಡೆಗೆ ಚಾರ್ಟ್ ಹಾಕಿ, ಕೋಲು ಹಿಡಿದು ಅ ಆ ಇ ಈ ಹೇಳಿಸಿದೆ. ಕೆಲವೇ ತಿಂಗಳಲ್ಲಿ ಮಕ್ಕಳು 49 ಅಕ್ಷರವನ್ನೂ ರಾಗವಾಗಿ ಒಪ್ಪಿಸಿದರು. ನನಗೋ ಹೆಮ್ಮೆ.

ಒಂದು ದಿನ ಸುಮ್ನೆ ‘ಎ’ ಮೇಲೆ ಬೆರಳಿಟ್ಟು, “ಇದು ಯಾವುದೋ?” ಅಂತ ಒಬ್ಬನನ್ನು ಕೇಳಿದೆ. ಅವನು ಚಾರ್ಟಿನ ಶುರುವಿಗೆ ಹೋಗಿ, ಒಂದೊಂದೇ ಮನೆ ಮುಟ್ಟುತ್ತಾ ಹೇಳಿಕೊಂಡು ಬಂದ. ಬಾಯಿ ‘ಋ’ ಮರೆಯಿತು, ಬೆರಳು ಮರೆಯಲಿಲ್ಲ. ‘ಎ’ ಮುಟ್ಟುವ ಹೊತ್ತಿಗೆ “ಏ!” ಅಂದ. ಅವನಿಗೆ ಬರುತ್ತಿದ್ದದ್ದು ಹಾಡು, ಅಕ್ಷರವಲ್ಲ.

ಮುಂದಿನ ವರ್ಷ ಚಾರ್ಟ್ ಬಿಟ್ಟು, ನಲಿಕಲಿಯ, ಅಂದರೆ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ, ಅಕ್ಷರಕ್ರಮ ಹಿಡಿದೆ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಸರ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಪ್ರತಿ ಅಕ್ಷರಕ್ಕೂ ಎರಡೆರಡು ಕಾರ್ಡ್ ಮಾಡಿದೆ. ಮೊದಲು ಜೋಡಿ ಹುಡುಕುವ ಆಟ. ಆಮೇಲೆ “ಸ ಕೊಡು” ಅನ್ನುತ್ತೇನೆ. “ಇದೇನು?” ಅಂತ ಕೇಳುವುದು ಕೊನೆಗೆ. ನೋಡಿ ಆರಿಸುವುದಕ್ಕಿಂತ ನೆನಪಿಸಿಕೊಂಡು ಹೇಳುವುದು ಕಷ್ಟ, ದೊಡ್ಡವರಿಗೂ ಹಾಗೇ ಅಲ್ವಾ? ದ, ಧ, ಥದಂಥ ನೋಡಲು ಒಂದೇ ಥರ ಇರುವವನ್ನು ಒಂದೇ ವಾರದಲ್ಲಿ ತರುವುದಿಲ್ಲ.

ಉಚ್ಚಾರದಲ್ಲಿ ತಪ್ಪು ನನ್ನದೇ ಇತ್ತು. ಮಕ್ಕಳಿಗೆ ಚೆನ್ನಾಗಿ ಕೇಳಲಿ ಅಂತ “ಸಾ… ರಾ…” ಎಂದು ಎಳೆಯುತ್ತಿದ್ದೆ. “ಸಾರಾ ಅಂದ್ರೆ ಏನು ಮಿಸ್?” ಅಂತ ಒಬ್ಬಳು ಕೇಳಿದಳು. ಅವಳು ಕೇಳಿಸಿಕೊಂಡದ್ದು ಸರಿಯಾಗೇ ಇತ್ತು. ಅವತ್ತಿನಿಂದ ಒಂದು ಅಕ್ಷರಕ್ಕೆ ಒಂದು ಚಪ್ಪಾಳೆ, ಗಿಡ್ಡದು. ಸ, ರ. ಇನ್ನೂ ಬೇಗ. ಸರ! ಇದು ಕೂಡಿದ ಮೇಲೆ ಅದೇ ಹುಡುಗಿ ಒಂದು ಬೆಳಿಗ್ಗೆ ನಾಲ್ಕು ಕಾರ್ಡ್ ಸಾಲಾಗಿ ಇಟ್ಟಳು: ಸ, ರ, ಸ, ರ. ತಾನೇ ಓದಿಕೊಂಡು, “ಸರಸರ!” ಅಂತ ಕೋಣೆಯ ಆ ತುದಿಗೆ ಓಡಿಬಿಟ್ಟಳು. ನಾನು ಹೇಳಿಕೊಟ್ಟ ಪದ ಅಲ್ಲ ಅದು.

ಮಹಾಪ್ರಾಣಕ್ಕೆ ಬಾಯಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸುತ್ತೇನೆ. ‘ಖ’ ಅಂದರೆ ಪಟ್ಟಿ ಹಾರಬೇಕು, ‘ಕ’ ಅಂದರೆ ಅಷ್ಟಾಗಿ ಅಲ್ಲಾಡುವುದಿಲ್ಲ. ಕೆಲವರು ಅಕ್ಷರ ಬಿಟ್ಟು ಬರೀ ಊದುತ್ತಾರೆ, ಊದಲಿ. ಙ, ಞ ಸದ್ಯಕ್ಕೆ ಬೇಡ. ‘ಣ’ದಿಂದ ಶುರುವಾಗುವ ಪದ ಹುಡುಕಿ ಸುಸ್ತಾಗುವ ಬದಲು ಬಾಣ, ಹಣ ತೋರಿಸಿದರೆ ಸಾಕು.

ಬರೆಯುವುದು ನಿಧಾನ. ಮೊದಲು ಮರಳಿನ ತಟ್ಟೆಯಲ್ಲಿ ಬೆರಳು, ಆಮೇಲೆ ನೆಲದ ಮೇಲೆ ಸೀಮೆಸುಣ್ಣ. ಸೀಮೆಸುಣ್ಣವನ್ನು ಬೇಕಂತಲೇ ಸಣ್ಣದಾಗಿ ಮುರಿದು ಕೊಡುತ್ತೇನೆ. ಉದ್ದ ಇದ್ದರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ. ತುಂಡಾದರೆ ಮೂರು ಬೆರಳು ತಾನಾಗೇ ಬರುತ್ತವೆ. ಹಿಂದೆ ನಾನು ಮಕ್ಕಳ ಕಡೆ ಮುಖ ಮಾಡಿಕೊಂಡು ಗಾಳಿಯಲ್ಲಿ ‘ಅ’ ಬರೆಯುತ್ತಿದ್ದೆ. ಸುಮಾರು ಮಕ್ಕಳು ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದರು. ಗಾಬರಿಯಾಯಿತು. ಈ ವಯಸ್ಸಿನಲ್ಲಿ ತಿರುಗಿಸಿ ಬರೆಯುವುದು ಸಹಜವೇ, ಆದರೆ ಅವತ್ತು ತಿರುಗಿಸಿ ತೋರಿಸಿದ್ದು ನಾನೇ. ನನ್ನ ಬಲ ಅವರಿಗೆ ಎಡ! ಈಗ ಬೆನ್ನು ಮಾಡಿ ನಿಂತು ಬರೆಯುತ್ತೇನೆ.

“ಮನೆಯಲ್ಲಿ ದಿನಾ ಒಂದು ಪುಟ ಬರೆಸಲಾ ಮೇಡಂ?” ಅಂತ ಅಮ್ಮಂದಿರು ಕೇಳುತ್ತಾರೆ. ಬೇಡ ಅನ್ನುತ್ತೇನೆ. ಜಾಸ್ತಿ ಬರೆಸಿದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ‘ಅ’ ‘ಅ’ದ ಥರ ಇರುವುದೇ ಇಲ್ಲ. ನಾಲ್ಕೇ ಸಲ ಬರೆಸಿ, ಅದರಲ್ಲಿ ಚೆನ್ನಾಗಿರುವುದಕ್ಕೆ ಮಗುವಿನ ಕೈಲೇ ಸುತ್ತು ಹಾಕಿಸಿ ಅನ್ನುತ್ತೇನೆ. ತರಗತಿಯಲ್ಲೂ ಹೀಗೇ ಮಾಡುತ್ತೇವೆ. ನಾನು ಮನಸ್ಸಿನಲ್ಲಿ ಆರಿಸಿಕೊಂಡದ್ದಕ್ಕೇ ಅವರೂ ಸುತ್ತು ಹಾಕುವುದು ಮಾತ್ರ ಅಪರೂಪ.