41 ಪಾಯಿಂಟ್ ಎಲ್ಲಿ ಹೋಯ್ತು?

2023ರ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಸೆಮಿಫೈನಲ್ ಮನಿಲಾದಲ್ಲಿ ನಡೆಯುತ್ತಿತ್ತು. ಜರ್ಮನಿ ಮತ್ತು ಅಮೆರಿಕ. ನಾವು ಕಾಲೇಜಿನಲ್ಲಿ ಒಟ್ಟಿಗೆ ಆಡಿದ ಆರೇಳು ಜನ ದೋಸೆ ಪಂದ್ಯ ಕಟ್ಟಿದ್ದೆವು. ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ನಾನು ಅಮೆರಿಕ ಅಂದೆ. ಸುಮ್ನೆ ಹೇಳಿದ್ದಲ್ಲ, ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿಯೇ ಹೇಳಿದ್ದು.

ನನ್ನ ಲೆಕ್ಕ ಸರಳವಾಗಿತ್ತು. ಆರು ಪಂದ್ಯಗಳಲ್ಲಿ ಅಮೆರಿಕ ಗಳಿಸಿದ್ದರಲ್ಲಿ ಬಿಟ್ಟುಕೊಟ್ಟಿದ್ದನ್ನು ಕಳೆದರೆ 146 ಪಾಯಿಂಟ್ ಮುಂದೆ. ಜರ್ಮನಿ 105. ಅಂದರೆ 41 ಪಾಯಿಂಟ್ ವ್ಯತ್ಯಾಸ. ಅದರ ಮೇಲೆ ಅಮೆರಿಕದ ಹನ್ನೆರಡೂ ಜನ ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ನ ಆಟಗಾರರು. ಇನ್ನೇನು ಬೇಕು?

ಜರ್ಮನಿ 113–111ರಿಂದ ಗೆದ್ದಿತು. ದೋಸೆ ಕೊಡಿಸಿ ಮನೆಗೆ ಬಂದು ಅದೇ ಪುಟ ತೆರೆದು ಕೂತೆ.

ಮೊದಲು ಕಣ್ಣಿಗೆ ಬಿದ್ದದ್ದು ಜೋರ್ಡಾನ್ ಪಂದ್ಯ, 110–62. ಒಂದೇ ಪಂದ್ಯದಲ್ಲಿ 48 ಪಾಯಿಂಟ್! ಇಪ್ಪತ್ತು ಪಾಯಿಂಟ್ ಮುಂದೆ ಹೋದ ಮೇಲೆ ಯಾವ ಕೋಚ್ ಆದರೂ ಬೆಂಚ್‌ನಲ್ಲಿದ್ದವರನ್ನು ಇಳಿಸುತ್ತಾನೆ. ಅಲ್ಲಿಂದಾಚೆಗಿನ ಪಾಯಿಂಟ್‌ಗಳು ತಂಡದ ಬಲ ಹೇಳುವುದಿಲ್ಲ. ಹಾಗಾಗಿ ಒಂದು ಪಂದ್ಯಕ್ಕೆ 20ಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ ಅಂತ ಗೆರೆ ಎಳೆದೆ. ಮತ್ತೆ ಕೂಡಿಸಿದೆ. ಅಮೆರಿಕ 86, ಜರ್ಮನಿ 83.

ನಂಬಲಿಕ್ಕಾಗದೆ ಇನ್ನೊಂದು ರೀತಿ ನೋಡಿದೆ. ಕೊನೆಯ ಎಂಟಕ್ಕೆ ಬಂದ ತಂಡಗಳ ವಿರುದ್ಧ ಆಡಿದ ಪಂದ್ಯಗಳನ್ನು ಮಾತ್ರ ಇಟ್ಟುಕೊಂಡೆ. ಸೆಮಿಗೆ ಮೊದಲು ಎರಡೂ ತಂಡಕ್ಕೆ ಇಂಥವು ಎರಡೆರಡೇ. ಅಮೆರಿಕ ಲಿಥುವೇನಿಯಾಗೆ 110–104ರಲ್ಲಿ ಸೋತು, ಇಟಲಿಯನ್ನು 100–63ರಿಂದ ಬಡಿದಿತ್ತು. ಜರ್ಮನಿ ಸ್ಲೊವೇನಿಯಾವನ್ನು 100–71ರಿಂದ, ಲಾಟ್ವಿಯಾವನ್ನು 81–79ರಿಂದ ಗೆದ್ದಿತ್ತು. ಕೂಡಿಸಿ ನೋಡಿ: ಅಮೆರಿಕ 31, ಜರ್ಮನಿಯೂ 31. ನನ್ನ 41 ಪಾಯಿಂಟ್ ಹೊಗೆಯಾಗಿ ಹೋಗಿತ್ತು.

ಅದರಲ್ಲೂ ಜರ್ಮನಿಯ ಲೆಕ್ಕದಲ್ಲಿ ಒಂದು ಗುಟ್ಟಿತ್ತು. ಫ್ರಾಂಜ್ ವ್ಯಾಗ್ನರ್ ಮೊದಲ ಪಂದ್ಯದಲ್ಲೇ ಪಾದದ ಗಂಟು ಉಳುಕಿಸಿಕೊಂಡು, ಮುಂದಿನ ನಾಲ್ಕು ಪಂದ್ಯ ಹೊರಗೆ ಕೂತಿದ್ದ. ಕ್ವಾರ್ಟರ್ ಫೈನಲ್‌ಗೆ ಮರಳಿದ. ಅವನಿಲ್ಲದೇ ಗಳಿಸಿದ ಪಾಯಿಂಟ್‌ಗಳನ್ನು ನಾನು ಅವನಿರುವ ತಂಡಕ್ಕೆ ಅಳತೆಗೋಲು ಮಾಡಿದ್ದೆ. ಸೆಮಿಯಲ್ಲಿ ಅವನದೇ 22 ಪಾಯಿಂಟ್.

ಆಮೇಲಿಂದ ನನ್ನ ನೋಟ್‌ಬುಕ್‌ನಲ್ಲಿ ಎನ್‌ಬಿಎ ಹೆಸರುಗಳಿಗೆ ಕಾಲಂ ಇಲ್ಲ. ಅಲ್ಲಿ ಆಟ 48 ನಿಮಿಷ, ವಿಶ್ವಕಪ್ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಫೀಬಾದ ಪಂದ್ಯ 40. ಅಲ್ಲಿ ಆರು ಫೌಲ್‌ಗೆ ಹೊರಗೆ, ಇಲ್ಲಿ ಐದಕ್ಕೇ. ತ್ರೀ-ಪಾಯಿಂಟ್ ಗೆರೆ ಇಲ್ಲಿ 6.75 ಮೀಟರ್, ಅಲ್ಲಿ 7.24. ಚೆಂಡು ರಿಮ್‌ಗೆ ತಾಗಿದ ಮೇಲೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು ಅನ್ನುವುದು ಇಲ್ಲಿನ ನಿಯಮ. ಅಲ್ಲಿನ ಸರಾಸರಿ ತಂದು ಇಲ್ಲಿ ಅಂಟಿಸಿದರೆ ಕೂರುವುದಿಲ್ಲ.

ಅದರ ಬದಲು ಪೊಸೆಷನ್, ಅಂದರೆ ತಂಡಕ್ಕೆ ಚೆಂಡು ಸಿಕ್ಕ ಸರದಿಗಳ ಲೆಕ್ಕ ಹಾಕುತ್ತೇನೆ. ಹೊಡೆದ ಶಾಟ್‌ಗಳು (ಬಿದ್ದದ್ದೂ ತಪ್ಪಿದ್ದೂ), ಟರ್ನೋವರ್‌ಗಳು (ಶಾಟ್ ಹೊಡೆಯದೇ ಚೆಂಡು ಕಳೆದುಕೊಂಡದ್ದು), ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿದ್ದು, ಇವನ್ನು ಕೂಡಿಸಿ ಆಫೆನ್ಸಿವ್ ರೀಬೌಂಡ್‌ಗಳನ್ನು (ತಮ್ಮದೇ ತಪ್ಪಿದ ಶಾಟ್‌ನ ಚೆಂಡನ್ನು ಮತ್ತೆ ಹಿಡಿದದ್ದು) ಕಳೆದರೆ ಆಯಿತು. ಒಂದು ತಂಡ 78 ಪೊಸೆಷನ್‌ನಲ್ಲಿ 90 ಹೊಡೆಯಿತು, ಇನ್ನೊಂದು 66ರಲ್ಲಿ 80 ಹೊಡೆಯಿತು ಅಂದುಕೊಳ್ಳಿ. ನೋಡಿದರೆ ಮೊದಲನೆಯದೇ ಜೋರು. ನೂರು ಪೊಸೆಷನ್‌ಗೆ ತಂದರೆ ಅದು 115, ಎರಡನೆಯದು 121. ನಿಧಾನವಾಗಿ ಆಡುವ ತಂಡವನ್ನು ದುರ್ಬಲ ಅಂದುಕೊಳ್ಳುವ ತಪ್ಪು ಇದರಿಂದ ತಪ್ಪುತ್ತದೆ.

ರೀಬೌಂಡ್‌ಗೆ ಬೇರೆ ಕಾಲಂ. ಅಮೆರಿಕದ ವಿರುದ್ಧ ಲಿಥುವೇನಿಯಾ ಮೊದಲ ಒಂಬತ್ತು ತ್ರೀ-ಪಾಯಿಂಟ್‌ಗಳನ್ನೂ ಹಾಕಿದ್ದು ಎಲ್ಲರಿಗೂ ನೆನಪಿದೆ. ಅದು ದಿನಾ ಆಗುವುದಲ್ಲ. ಆದರೆ ರೀಬೌಂಡ್‌ನಲ್ಲಿ ಲಿಥುವೇನಿಯಾ 43–27ರಿಂದ ಮುಂದಿತ್ತು. ಅದು ಅಮೆರಿಕದ ಮೈಕಟ್ಟಿನ ಸಮಸ್ಯೆ, ಮುಂದಿನ ಪಂದ್ಯಕ್ಕೂ ಜೊತೆಗೇ ಬರುತ್ತದೆ.

ಫೀಬಾ ರ‍್ಯಾಂಕಿಂಗ್ ನೋಡುತ್ತೇನೆ, ಅಷ್ಟೇ. ಅದು ಎಂಟು ವರ್ಷದ ಫಲಿತಾಂಶಗಳ ಮೇಲೆ ನಿಂತದ್ದು. ಆ ವಿಶ್ವಕಪ್‌ಗೆ ನಂಬರ್ ಒಂದಾಗಿ ಬಂದ ಸ್ಪೇನ್ ಎರಡನೇ ಸುತ್ತಿನಲ್ಲಿ ಲಾಟ್ವಿಯಾ ಮತ್ತು ಕೆನಡಾಗೆ ಸೋತು ಗಂಟು ಮೂಟೆ ಕಟ್ಟಿತು.

ಯಾರ ಎದುರು ಗೆದ್ದರು ಅನ್ನುವುದು ಎಷ್ಟು ಮುಖ್ಯ ಅಂತ ನಮ್ಮ ಬೆಂಗಳೂರಿನಲ್ಲೇ ಗೊತ್ತಾಗಬೇಕಿತ್ತು, ಅಲ್ವಾ? 2017ರಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ಮಹಿಳಾ ಏಷ್ಯಾ ಕಪ್‌ನ ಕೆಳ ಹಂತವಾದ ಡಿವಿಷನ್ ಬಿ ಗೆದ್ದರು. ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿದ್ದು. ಎರಡು ವರ್ಷ ಬಿಟ್ಟು ಅದೇ ಊರಿನಲ್ಲಿ ಜಪಾನ್, ಚೀನಾ ಇದ್ದ ಮೇಲಿನ ಡಿವಿಷನ್‌ಗೆ ಬಂದಾಗ ಭಾರತಕ್ಕೆ ಸಿಕ್ಕಿದ್ದು ಎಂಟರಲ್ಲಿ ಎಂಟನೇ ಸ್ಥಾನ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಈ ಹೊಸ ಲೆಕ್ಕದೊಂದಿಗೆ ಎದೆಯುಬ್ಬಿಸಿ ಹೋದೆ. ಗುಂಪು ಹಂತದಲ್ಲಿ ಜರ್ಮನಿ ಫ್ರಾನ್ಸ್ ಅನ್ನು 85–71ರಿಂದ ಸೋಲಿಸಿತ್ತು. ಸೆಮಿಯಲ್ಲಿ ಮತ್ತೆ ಅದೇ ಜೋಡಿ. ಎಲ್ಲ ಕಾಲಂನಲ್ಲೂ ಜರ್ಮನಿಯೇ ಮುಂದೆ. ಆದರೆ ನಡುವೆ ಫ್ರಾನ್ಸ್ ಕೋಚ್ ವಿನ್ಸೆಂಟ್ ಕೋಲೆ ಆರಂಭದ ಐವರಲ್ಲಿ ಬದಲಾವಣೆ ಮಾಡಿದ್ದರು. ನನ್ನ ಪುಟದಲ್ಲಿದ್ದ ಫ್ರಾನ್ಸ್ ಬೇರೆ, ಅಂಕಣಕ್ಕೆ ಇಳಿದ ಫ್ರಾನ್ಸ್ ಬೇರೆ. 73–69ರಿಂದ ಅವರು ಫೈನಲ್‌ಗೆ ಹೋದರು.

'ಆರಂಭದ ಐವರು' ಅಂತ ಇನ್ನೊಂದು ಕಾಲಂ ಎಳೆದಿದ್ದೇನೆ. ಆ ಸಲ ದೋಸೆ ಜೊತೆ ಕಾಫಿಯನ್ನೂ ಕೊಡಿಸಬೇಕಾಯಿತು.